ಅತ್ತೆಯವರ ಗಾಳಿ ಹಾಸಿಗೆ

ಫಿಸಿಕ್ಸ್ ಪಾಠ ಮಾಡುವವರ ಬಗ್ಗೆ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಚರಿತ್ರೆಯ ಮೇಷ್ಟ್ರನ್ನು ಯಾರೂ ಕತ್ತಿ ಹಿಡಿದು ಯುದ್ಧಕ್ಕೆ ಹೊರಡಿ ಎನ್ನುವುದಿಲ್ಲ. ಸಸ್ಯಶಾಸ್ತ್ರದವರನ್ನು ಕರೆದು ತೆಂಗಿನ ಮರ ಹತ್ತಿ ಎರಡು ಎಳನೀರು ಕೆಡವಿ ಎನ್ನುವುದಿಲ್ಲ. ಆದರೆ ಫಿಸಿಕ್ಸ್‌ನವನು ಕಣ್ಣಿಗೆ ಬಿದ್ದರೆ ಸಾಕು, ಕೆಟ್ಟ ಮಿಕ್ಸಿ, ತಿರುಗದ ಫ್ಯಾನು, ಮಿಟುಕಿಸುವ ಟ್ಯೂಬ್‌ಲೈಟು ಎಲ್ಲವೂ ಅವನ ಮುಂದೆ ಬಂದು ಕೂರುತ್ತವೆ. ಅರಸೀಕೆರೆಯ ಜೂನಿಯರ್ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದ ನನ್ನ ಪಾಡೂ ಅದೇ ಆಗಿತ್ತು. ನಿಜ ಹೇಳಬೇಕೆಂದರೆ ವಿದ್ಯುತ್ತಿನ ನಿಯಮಗಳನ್ನೆಲ್ಲ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಫ್ಯೂಸು ಹಾಕುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ, ಅದು ಹೆದರಿಕೆಗೆ. ಈ ಸಂಗತಿ ನನ್ನ ಹೆಂಡತಿ ಸುಮಿತ್ರಳಿಗೆ ಮದುವೆಯಾದ ಹೊಸದರಲ್ಲೇ ತಿಳಿದುಹೋಯಿತು. ತಿಳಿಯದೆ ಉಳಿದವರೆಂದರೆ ನಮ್ಮ ಅತ್ತೆ ನಂಜಮ್ಮನವರು ಮಾತ್ರ. ಅಳಿಯ ಸೈನ್ಸು ಓದಿದವರೆಂದು ಅವರಿಗೆ ಬಹಳ ಹೆಮ್ಮೆ. ಆ ಹೆಮ್ಮೆಯನ್ನು ಉಳಿಸಿಕೊಳ್ಳಲು ಹೋಗಿಯೇ ಇಷ್ಟೆಲ್ಲ ಆದದ್ದು.

ಅತ್ತೆಯವರದು ಬೇಲೂರು ಕಡೆಯ ಹಗರೆ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆ ತುಂಬ ಹಸು, ಎರಡು ಹೊತ್ತೂ ಡೈರಿಗೆ ಹಾಲು. ವಯಸ್ಸು ಎಪ್ಪತ್ತರ ಹತ್ತಿರ ಬಂದಿದ್ದರೂ ಹಾಲು ಕರೆಯುವ ಅಧಿಕಾರವನ್ನು ಜೊತೆಗಿದ್ದ ದೊಡ್ಡ ಮಗ ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಒಂದು ಬೆಳಿಗ್ಗೆ, ಗೌರಿ ಎಂಬ ಹಸು ಬಾಲ ಬೀಸಿತೋ ಕಾಲು ಝಾಡಿಸಿತೋ, ಅತ್ತೆಯವರು ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ಜಾರಿ ಬಿದ್ದರು. ಎತ್ತಲು ಓಡಿಬಂದವರಿಗೆ ಅವರು ಮೊದಲು ಹೇಳಿದ ಮಾತು, "ಗೌರೀನ ಬೈಬ್ಯಾಡಿ ಕಣ್ರೋ, ಅದ್ರುದ್ದೇನೂ ತಪ್ಪಿಲ್ಲ, ನಾನೇ ಸಗಣಿ ಮ್ಯಾಲೆ ಕಾಲಿಕ್ದೆ" ಎಂದು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಆಯಿತು. ಮೂಳೆಗೆ ಉಕ್ಕಿನ ಪಟ್ಟಿ ಕೂರಿಸಿ, ಸ್ಕ್ರೂಗಳಿಂದ ಬಿಗಿದು, ಎಕ್ಸರೇಯಲ್ಲಿ ಅದನ್ನೆಲ್ಲ ನಮಗೆ ತೋರಿಸಿ, "ಕೆಲವು ವಾರ ಕಾಲಿನ ಮೇಲೆ ಭಾರ ಹಾಕಬೇಡಿ. ಆಮೇಲೆ ಮಾತ್ರ ವಾಕರ್ ಹಿಡಿದು ನಡೆಯಲೇಬೇಕು" ಎಂದು ಮೂಳೆ ಡಾಕ್ಟರು ಹೇಳಿ ಕಳಿಸಿದರು. ಹಗರೆಗೆ ಕರೆದೊಯ್ದರೆ ಹಸುವಿನ ಕೂಗು ಕೇಳಿದ ಕೂಡಲೇ ಎದ್ದುಬಿಡುತ್ತಾರೆಂದು ಹೆದರಿ ಸುಮಿತ್ರ ಅಮ್ಮನನ್ನು ಅರಸೀಕೆರೆಗೇ ಕರೆತಂದಳು. ನಡುಮನೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು.

ನಮ್ಮ ಬೀದಿಯವರಿಗೆ ಆ ಎಕ್ಸರೇ ಒಂದು ಸಿನಿಮಾ ಆಯಿತು. ಕಾಯಿಲೆಯವರನ್ನು ನೋಡಲು ಬಂದವರು ಕಾಯಿಲೆಯವರನ್ನು ಬಿಟ್ಟು ಎಕ್ಸರೇಯನ್ನೇ ನೋಡುತ್ತಿದ್ದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಪಕ್ಕದ ಮನೆಯಲ್ಲಿದ್ದ ಪುಟ್ಟರಾಜಪ್ಪನವರು ಅದನ್ನು ತಲೆಕೆಳಗಾಗಿ ಬೆಳಕಿಗೆ ಹಿಡಿದು, "ಇದು ಸ್ಟೇನ್‌ಲೆಸ್ಸೋ ಮಾಮೂಲಿ ಕಬ್ಬಿಣವೋ, ಕೇಳಿದ್ರಾ?" ಎಂದರು. ಕೇಳಿರಲಿಲ್ಲ ಎಂದೆ. "ಕೇಳ್ಬೇಕು ಸ್ವಾಮಿ. ನಮ್ಮ ಗೇಟು ನೋಡಿ, ಎರಡು ಮಳೆಗೆ ತುಕ್ಕು ಹಿಡೀತು" ಎಂದು ನಿಟ್ಟುಸಿರುಬಿಟ್ಟರು. ಎದುರುಮನೆ ಲಲಿತಮ್ಮನವರಿಗೆ ತುಕ್ಕಿನ ಚಿಂತೆ ಇರಲಿಲ್ಲ. "ಗುಡುಗು ಬಂದಾಗ ಕಿಟಕಿ ಪಕ್ಕ ಮಲಗ್ಬೇಡಿ ನಂಜಮ್ಮ, ಮೈಯಲ್ಲಿ ಕಬ್ಬಿಣ ಇದ್ರೆ ಸಿಡಿಲು ಎಳ್ಕೊಳತ್ತಂತೆ. ಹೌದಾ ಸಾರ್?" ಎಂದು ನನ್ನನ್ನು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. "ಇಲ್ಲ" ಎಂಬ ಒಂದೇ ಮಾತು ಸಾಕಾಗಿತ್ತು. ಆದರೆ ಅತ್ತೆಯವರೂ ನನ್ನನ್ನೇ ನೋಡುತ್ತಿದ್ದರಲ್ಲ! ಮೋಡದೊಳಗೆ ವಿದ್ಯುತ್ತು ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಆರಂಭಿಸಿದೆ. ನಾನು ಮೋಡದಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಎಲ್ಲರ ಕಾಫಿ ಆರಿತ್ತು, ಅತ್ತೆಯವರ ಮುಖ ಬಿಳಿಚಿತ್ತು. ನನ್ನ ವಿವರಣೆಯಿಂದ ಅವರಿಗೆ ತಿಳಿದದ್ದು ಇಷ್ಟೇ: ಸಿಡಿಲು ಬರುವುದು ಖಂಡಿತ, ಯಾವತ್ತು ಎಂಬುದು ಮಾತ್ರ ಸೈನ್ಸಿಗೆ ಗೊತ್ತಿಲ್ಲ. ಮಂಚವನ್ನು ಕಿಟಕಿಯಿಂದ ಗೋಡೆಯ ಕಡೆಗೆ ಎಳೆಸಿಕೊಂಡರು.

ಇದೆಲ್ಲ ಹೋಗಲಿ ಎನ್ನಬಹುದಿತ್ತು. ಆದರೆ ಪುಟ್ಟರಾಜಪ್ಪನವರು ಇನ್ನೊಂದು ದಿನ ಬಂದು, ನಮ್ಮ ಮನೆಯ ಅಲುಗಾಡುವ ಕುರ್ಚಿಯಲ್ಲಿ ಕುಳಿತು, "ನೋಡಿ, ಕುರ್ಚಿ ಸ್ಕ್ರೂ ಸಡಿಲ ಆದ್ರೆ ನಾವೇ ಬಿಗಿ ಮಾಡ್ಕೋತೀವಿ. ಒಳಗಿಂದು ಸಡಿಲ ಆದ್ರೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು. ಆ ಪ್ರಶ್ನೆ ಅತ್ತೆಯವರೊಳಗೆ ಡಾಕ್ಟರು ಹಾಕಿದ ಸ್ಕ್ರೂಗಿಂತ ಬಿಗಿಯಾಗಿ ಕೂತುಬಿಟ್ಟಿತು. ನಡೆಯುವ ದಿನ ಬಂದಾಗ ಅವರು ಕಾಲು ಕೆಳಗಿಡಲು ಒಪ್ಪಲಿಲ್ಲ. "ಊರಿದ್ರೆ ಸ್ಕ್ರೂ ಬಿಟ್ಕತದೆ ಕಣೇ, ನಂಗೊತ್ತು" ಎಂದು ಮಗಳಿಗೆ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಹೊಸ ವಾಕರ್ ಮೂಲೆಯಲ್ಲಿ ನಿಂತಿತು. ಕ್ರಮೇಣ ಅದರ ಮೇಲೆ ಟವೆಲುಗಳು ಒಣಗತೊಡಗಿದವು. ಹಾಸನಕ್ಕೆ ಮತ್ತೆ ಕರೆದೊಯ್ದು ತೋರಿಸಿದಾಗ ಡಾಕ್ಟರು ಹೊಸ ಎಕ್ಸರೇ ನೋಡಿ, ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಎಂದರು. ಆಮೇಲೆ ಸುಮಿತ್ರಳನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, "ಈಗ ಏಳದಿದ್ದರೆ ಮುಂದೆ ಏಳೋದು ಕಷ್ಟ. ಮಲಗಿದ್ದಲ್ಲೇ ಬೆನ್ನು ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ಹೇಗಾದರೂ ಧೈರ್ಯ ತುಂಬಿ. ಅಲ್ಲಿಯವರೆಗೆ ಪಕ್ಕ ಬದಲಿಸ್ತಾ ಇರಿ, ಒಂದು ಗಾಳಿ ಹಾಸಿಗೆ ಹಾಕಿ" ಎಂದರು.

ಆ ಸಂಜೆ ಅಮ್ಮನ ಬೆನ್ನು ಒರೆಸುತ್ತಿದ್ದ ಸುಮಿತ್ರ ನನ್ನನ್ನು ಅಡುಗೆಮನೆಗೆ ಕರೆದಳು. ಬೆನ್ನಿನ ಕೆಳಗೆ ಒಂದು ಕಡೆ ಚರ್ಮ ಕೆಂಪಾಗಿದೆ ಎಂದಳು. "ಅಮ್ಮ ಒಂದು ದಿನ ಸುಮ್ನೆ ಕೂತೋರಲ್ಲ ರೀ. ಹೀಗೇ ಉಳಿದುಬಿಟ್ರೆ?" ಅಮ್ಮ ಎದ್ದು ನಡೆದರೆ ಮಾಲೇಕಲ್ಲಿನ ಬೆಟ್ಟ ಹತ್ತಿಸಿ ವೆಂಕಟರಮಣನ ದರ್ಶನ ಮಾಡಿಸುತ್ತೇನೆಂದು ಸುಮಿತ್ರ ಹರಕೆ ಹೊತ್ತಳು. ನಡುಮನೆಯಿಂದ ಅತ್ತೆಯವರ ದನಿ ಬಂತು: "ಹರಸ್ಕಂಡೋಳು ನೀನು, ಹತ್ತೋಳು ನಾನಾ?"

ಗಾಳಿ ಹಾಸಿಗೆಯನ್ನು ಬೆಂಗಳೂರಿನಿಂದ ತರಿಸೋಣ, ಅಲ್ಲಿರುವ ತಮ್ಮನಿಗೆ ಫೋನ್ ಮಾಡುತ್ತೇನೆ ಎಂದಳು ಸುಮಿತ್ರ. ಆಗ ನನ್ನೊಳಗೆ ಏನೋ ಎದ್ದು ಕೂತಿತು. "ಅದರೊಳಗೆ ಇರೋದು ಏನು? ಗಾಳಿ. ಅರಸೀಕೆರೆಗೆ ನೀರನ್ನ ಬೇರೆ ಕಡೆಯಿಂದ ತರಿಸ್ಬೇಕು, ಒಪ್ತೀನಿ. ಗಾಳೀನೂ ತರಿಸ್ಬೇಕಾ?" ಎಂದೆ. "ನಿಮ್ಗೆ ಫ್ಯೂಸ್ ಹಾಕಕ್ಕೆ ಬರಲ್ಲ" ಎಂದು ಅವಳು ಮೆಲ್ಲಗೆ ನೆನಪಿಸಿದಳು. ಅತ್ತೆಯವರು ಒಳಗಿನಿಂದ, "ಅಳಿಯಂದ್ರು ಮಾಡ್ತೀನಿ ಅಂದ್ರೆ ಮಾಡ್ತಾರೆ, ಅವ್ರು ಓದಿಲ್ವೇನೇ?" ಎಂದುಬಿಟ್ಟರು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದ ರುದ್ರಣ್ಣನಲ್ಲಿಗೆ ಹೋದೆ. "ಏನ್ ಸಾರ್, ಪಂಚರಾ?" ಎಂದ. "ಇಲ್ಲ ರುದ್ರಣ್ಣ, ಒಂದು ಹೊಸ ಆವಿಷ್ಕಾರ" ಎಂದೆ. "ಟೂ ವೀಲರ್‌ದಾ, ಫೋರ್ ವೀಲರ್‌ದಾ?" ಎಂದು ಕೇಳಿದ. ವಿಷಯ ತಿಳಿದ ಮೇಲೆ ಅವನ ಉತ್ಸಾಹ ನನ್ನದನ್ನೂ ಮೀರಿತು. ಈ ಲೋಕದಲ್ಲಿ ಟ್ಯೂಬಿನಿಂದ ಆಗದ ಕೆಲಸವಿಲ್ಲ ಎಂಬುದು ಅವನ ನಂಬಿಕೆ. ಕೂಡಲೇ ಎರಡು ಹಳೆಯ ಲಾರಿ ಟ್ಯೂಬುಗಳಿಗೆ ತೇಪೆ ಹಾಕಿ, ಗಾಳಿ ತುಂಬಿ, ಮನೆಗೆ ತಂದು, ಒಂದರ ಮೇಲೊಂದರಂತೆ ಮಂಚದ ನಡುವೆ ಇಟ್ಟ. ಮೇಲೆ ಹತ್ತಿಯ ಹಾಸಿಗೆ ಹಾಸಿದೆವು. ಮನೆಯೆಲ್ಲ ರಬ್ಬರಿನ ವಾಸನೆ ಹರಡಿತು. ನಾವು ಮೂವರೂ ಸೇರಿ ಅತ್ತೆಯವರನ್ನು ಎತ್ತಿ ಅದರ ಮೇಲೆ ಮಲಗಿಸಿದೆವು. ಟ್ಯೂಬಿಗೆ ನಡುವೆ ತೂತು ಇರುತ್ತದೆ ಎಂಬುದನ್ನು ಸೈನ್ಸು ಓದಿದ ನಾನೂ, ಜೀವಮಾನವೆಲ್ಲ ಟ್ಯೂಬು ನೋಡಿದ ರುದ್ರಣ್ಣನೂ ಒಟ್ಟಿಗೆ ಮರೆತಿದ್ದೆವು. ಅತ್ತೆಯವರ ಸೊಂಟ ನಿಧಾನವಾಗಿ ತೂತಿನೊಳಗೆ ಇಳಿಯಿತು. ತಲೆ ಮತ್ತು ಕಾಲು ಮೇಲಕ್ಕೆದ್ದವು. "ಅಯ್ಯೋ, ಬಾವಿಗ್ ಬಿದ್ದಂಗಾಯ್ತಲ್ಲೇ!" ಎಂಬ ಕೂಗು ಕೇಳಿ ಸುಮಿತ್ರ ಅವರನ್ನು ಮೇಲೆತ್ತಿದಳು. ನನ್ನ ಕಡೆ ಒಮ್ಮೆ ನೋಡಿ, ನೇರ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

ಮುಂದಿನ ವಾರವೇ ಬಾಮೈದ ಮಂಜುನಾಥ ಬೆಂಗಳೂರಿನಿಂದ ನಿಜವಾದ ಗಾಳಿ ಹಾಸಿಗೆ ತಂದ. ಅದರ ಜಾಣತನವನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮೈತುಂಬ ಸಾಲು ಸಾಲು ಉಬ್ಬು, ಮಂಚಕ್ಕೆ ನೇತುಹಾಕುವ ಪುಟ್ಟ ಮೋಟಾರು. ಒಂದು ಸಾಲು ಉಬ್ಬುವಾಗ ಪಕ್ಕದ ಸಾಲು ಇಳಿಯುತ್ತದೆ; ಸ್ವಲ್ಪ ಹೊತ್ತಿಗೆ ಇಳಿದದ್ದು ಉಬ್ಬಿ, ಉಬ್ಬಿದ್ದು ಇಳಿಯುತ್ತದೆ. ಹೀಗಾಗಿ ಮೈಯ ಯಾವ ಭಾಗವೂ ಒಂದೇ ಕಡೆ ಒತ್ತಿಕೊಂಡಿರುವುದಿಲ್ಲ. ಅತ್ತೆಯವರು ಅದರ ಮೇಲೆ ಮಲಗಿ, "ಯಾರೋ ಬೆನ್ನು ಸವರ್ದಂಗೈತೆ" ಎಂದು ಕಣ್ಣು ಮುಚ್ಚಿದರು. ಸುಮಿತ್ರಳ ಮುಖ ಅರಳಿತು. ನಾನೂ ಒಲ್ಲದ ಮನಸ್ಸಿನಿಂದ ನಕ್ಕೆ. ಅಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ನಿಂತಿತು, ಹಾಸಿಗೆ ಉಸ್ಸೆಂದು ಇಳಿಯತೊಡಗಿತು. ಆ ಕಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಆದರೆ ಕರೆಂಟು ಹೋದದ್ದಕ್ಕೆ ಅರಸೀಕೆರೆಯಲ್ಲಿ ಅಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. "ನೋಡಿದ್ಯಾ? ಇದು ಬೆಂಗಳೂರಿಗೆ ಸರಿ. ನಮಗೆ ಬೇಕಾದ್ದು ಕರೆಂಟಿಲ್ಲದೆ ನಡೆಯೋ ಹಾಸಿಗೆ" ಎಂದು ಬಾಮೈದನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ರುದ್ರಣ್ಣನ ಅಂಗಡಿಗೆ ಹೊರಟೆ.

ಈ ಸಲ ತೂತಿನ ತಪ್ಪು ಮಾಡಲಿಲ್ಲ. ಸೈಕಲ್ ಟ್ಯೂಬುಗಳನ್ನು ಕತ್ತರಿಸಿ, ಉದ್ದಕ್ಕೆ ಬಿಡಿಸಿ, ತುದಿಗಳನ್ನು ಅಂಟಿಸಿ, ದಿಂಬಿನ ಬಟ್ಟೆಯಲ್ಲಿ ದರ್ಜಿಯಿಂದ ಸಾಲಾಗಿ ಹೊಲಿಸಿದೆವು. ಒಂದು ಬಿಟ್ಟು ಒಂದು ಸಾಲಿಗೆ ಒಂದು ಪಂಪು, ಉಳಿದ ಸಾಲುಗಳಿಗೆ ಇನ್ನೊಂದು, ಎರಡೂ ಕಾಲಲ್ಲಿ ತುಳಿಯುವಂಥವು. ಈ ಪಂಪು ತುಳಿದು, ಆ ಕಡೆಯ ಗಾಳಿ ಬಿಡಬೇಕು; ಆಮೇಲೆ ಆ ಪಂಪು ತುಳಿದು ಈ ಕಡೆಯದನ್ನು ಬಿಡಬೇಕು. ಇದಕ್ಕೆ 'ವಾಯುಶಯ್ಯೆ' ಎಂದು ಹೆಸರಿಟ್ಟು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾಲ್ಕು ಜನಕ್ಕೆ ಹೇಳಿಯೂಬಿಟ್ಟೆ. ಕರೆಂಟು ಇದ್ದಾಗ ಬೆಂಗಳೂರಿನ ಹಾಸಿಗೆ, ಹೋದಾಗ ನನ್ನದು ಎಂದು ಒಪ್ಪಂದವಾಯಿತು. ಕರೆಂಟು ಹೋಗಲೆಂದು ನಾನು ಕಾಯುತ್ತಿದ್ದೆ. ಹೋದ ಕೂಡಲೇ ಅತ್ತೆಯವರನ್ನು ಈ ಹಾಸಿಗೆಯಿಂದ ಪಕ್ಕದ ಮಂಚದ ಮೇಲಿನ ಆ ಹಾಸಿಗೆಗೆ ಉರುಳಿಸುವುದು, ಸುಮಿತ್ರ ಒಂದು ಪಂಪು, ನಾನೊಂದು ಪಂಪು ತುಳಿಯುವುದು. ಹಾಸಿಗೆಯಿಂದ ಸಂತೆಯ ಕೋಳಿಬುಟ್ಟಿಯಂತೆ ನಾನಾ ಥರದ ಸದ್ದು ಬರುತ್ತಿತ್ತು. ಸಾಲುಗಳೆಲ್ಲ ಒಂದೇ ಸಮ ಉಬ್ಬುತ್ತಿರಲಿಲ್ಲವಾಗಿ ಅತ್ತೆಯವರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲುತ್ತಿದ್ದರು. ವಾಲುವಾಗ ಅವರಿಗೆ ಭಯವಾಗದಿರಲೆಂದು ನಾನು ಪಂಪು ತುಳಿಯುತ್ತಲೇ ಹಾಸಿಗೆಯ ಹಿಂದಿನ ತತ್ವವನ್ನು ವಿವರಿಸುತ್ತಿದ್ದೆ.

"ಒತ್ತಡ ಅಂದ್ರೆ ಭಾರ ಒಂದೇ ಅಲ್ಲ ಅತ್ತೆಯವ್ರೇ, ಭಾರ ಎಷ್ಟು ಜಾಗದ ಮೇಲೆ ಹಂಚಿದೆ ಅನ್ನೋದೂ ಮುಖ್ಯ. ಈಗ ಒಂದು ಮೊಳೆ ತಗೊಳ್ಳಿ…"

"ಗೊತ್ತಾಯ್ತು ಬಿಡಿ ಅಳಿಯಂದ್ರೇ."

"ಏನ್ ಗೊತ್ತಾಯ್ತು, ಹೇಳಿ ನೋಡೋಣ."

"ಅದೇ… ಮೊಳೆ."

"ಮೊಳೆ ಬರೀ ಉದಾಹರಣೆ. ಮೊದಲಿಂದ ಹೇಳ್ತೀನಿ ಕೇಳಿ."

ಒಂದೆರಡು ದಿನ ಅವರು ಹೂಂಗುಟ್ಟಿದರು. ಆಮೇಲೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ನಿದ್ದೆ ಹತ್ತತೊಡಗಿತು. ನಿದ್ದೆಯಲ್ಲಿದ್ದವರು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುವುದನ್ನು ಕಂಡಿದ್ದೆ, ಹಾಸಿಗೆಯ ಸುಖವೆಂದುಕೊಂಡೆ. ಬೆನ್ನಿನ ಕೆಂಪು ನಿಧಾನವಾಗಿ ಮಾಯವಾಯಿತು. ಅದು ಸುಮಿತ್ರ ಹೊತ್ತುಹೊತ್ತಿಗೆ ಅಮ್ಮನ ಪಕ್ಕ ಬದಲಿಸಿ, ಬೆನ್ನು ಒರೆಸಿ, ಪೌಡರು ಹಾಕಿದ್ದರಿಂದ. ನಾನು ಮಾತ್ರ ಅದನ್ನು ವಾಯುಶಯ್ಯೆಯ ಖಾತೆಗೆ ಹಾಕಿಕೊಂಡು ಪ್ರಿನ್ಸಿಪಾಲರವರೆಗೂ ಸುದ್ದಿ ಮುಟ್ಟಿಸಿದೆ. ಅವರು, "ಭಾನುವಾರ ನಾವೆಲ್ಲ ಬಂದು ನೋಡ್ತೀವಿ" ಎಂದರು.

ಪ್ರಿನ್ಸಿಪಾಲರ ಮುಂದೆ ನಾನೂ ನನ್ನ ಹೆಂಡತಿಯೂ ಪಂಪು ತುಳಿಯುವುದು ಚೆನ್ನಾಗಿ ಕಾಣುವುದಿಲ್ಲ ಎಂಬ ಯೋಚನೆ ನನಗೆ ಬಂತು. ರುದ್ರಣ್ಣನಿಗೆ ಹೇಳಿದೆ. "ಅದಕ್ಯಾಕ್ ಸಾರ್ ಯೋಚ್ನೆ? ನಮ್ಮ ಕಂಪ್ರೆಸರ್ ತತ್ತೀನಿ, ಡೀಸೆಲ್ಲಿಂದು. ಲಾರಿ ಟೈರಿಗೇ ಹೊಡೀತೀನಿ, ಅಮ್ಮಾವ್ರ ಹಾಸ್ಗೆ ಯಾವ್ ಲೆಕ್ಕ?" ಎಂದ. ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕಂಪ್ರೆಸರ್ ಬಂತು. ಅಂಗಳದಲ್ಲಿಳಿಸಿ, ಪೈಪನ್ನು ಕಿಟಕಿಯಿಂದ ಒಳಗೆ ತೂರಿಸಿ, ಒಮ್ಮೆ ಶುರು ಮಾಡಿ ನೋಡಿದ. ಅದು ಮಾಡಿದ ಸದ್ದಿಗೆ ಪುಟ್ಟರಾಜಪ್ಪನವರು ತಮ್ಮ ಮನೆಯಿಂದ ಹೊರಗೆ ಓಡಿಬಂದರು. ಕಿಟಕಿಯ ಗಾಜು ಅದುರಿತು. ಪೈಪಿನ ತುದಿ ನಡುಮನೆಯ ನೆಲದ ಮೇಲೆ ಹಾವಿನಂತೆ ಹೆಡೆಯೆತ್ತಿ ಬುಸುಗುಟ್ಟಿತು.

ನಾನು ಅತ್ತೆಯವರಿಗೆ ಧೈರ್ಯ ಹೇಳೋಣವೆಂದು ಒಳಗೆ ಹೋದೆ. ಅವರು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ದೃಷ್ಟಿ ಪೈಪಿನ ಮೇಲಿತ್ತು. "ಸುಮೀ, ಬಾರೇ ಇಲ್ಲಿ" ಎಂದು ಕೂಗಿದರು. "ಆ ವಾಕರ್ ಮ್ಯಾಲಿನ ಟವಲ್ ತಗ್ದು ಇತ್ಲಾಗ್ ಕೊಡು."

ಸುಮಿತ್ರ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಸ್ಕ್ರೂ ಅಂತಿದ್ಯಲ್ಲಮ್ಮ?"

"ಬಿಟ್ಕಂಡ್ರೆ ಬಿಟ್ಕಳ್ಳಿ. ಆ ಮಿಷನ್ ಕೈಗೆ ಮಾತ್ರ ನನ್ ಕೊಡಬ್ಯಾಡ."

ಎರಡು ಕೈಯಲ್ಲೂ ವಾಕರ್ ಹಿಡಿದು, ಹಲ್ಲು ಕಚ್ಚಿ, ಅವರು ಮೇಲೆದ್ದರು. ಸುಮಿತ್ರ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟಿದ್ದಳು, ಮುಟ್ಟಿಯೂ ಮುಟ್ಟದ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆಯವರು ತಲೆ ಬಗ್ಗಿಸಿ ತಮ್ಮ ಪಾದಗಳನ್ನು, ಅವು ಬೇರೆ ಯಾರದೋ ಎಂಬಂತೆ, ಬಹಳ ಹೊತ್ತು ನೋಡಿದರು. "ನಿಂತಿವ್ನೇನೇ ನಾನು?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ನಿಂತಿದ್ದೀಯಮ್ಮ" ಎಂದಳು ಸುಮಿತ್ರ. ಅವಳ ಕೆನ್ನೆಯ ಮೇಲೆ ಕಣ್ಣೀರೂ ಹಿಟ್ಟೂ ಒಂದಾಗಿದ್ದವು. ಅತ್ತೆಯವರು ಒಂದು ಹೆಜ್ಜೆಯಿಟ್ಟರು. ಕಿವಿಗೊಟ್ಟು ಆಲಿಸಿದರು, ಒಳಗಿನಿಂದ ಯಾವ ಸ್ಕ್ರೂ ಬಿದ್ದ ಸದ್ದೂ ಬರಲಿಲ್ಲ. ಇನ್ನೊಂದು ಹೆಜ್ಜೆಯಿಟ್ಟರು. ಅಡುಗೆಮನೆಯ ಹೊಸಿಲವರೆಗೂ ಹೋಗಿ, ಒಳಗೆ ಬಗ್ಗಿ ನೋಡಿ, "ಇದೇನೇ, ಒಲೆ ಮ್ಯಾಲೆ ಹಾಲು ಉಕ್ತಾ ಐತೆ!" ಎಂದು ಮಗಳನ್ನು ಗದರಿದರು. ಅಷ್ಟು ದಿನದ ಮೇಲೆ ಅಮ್ಮನಿಂದ ಬೈಸಿಕೊಂಡ ಸುಮಿತ್ರ ಅಳುತ್ತಲೇ ನಗತೊಡಗಿದಳು.

ಪ್ರಿನ್ಸಿಪಾಲರು ಸ್ಟಾಫಿನವರೊಂದಿಗೆ ಬಂದಾಗ ರೋಗಿ ನಡುಮನೆಯಲ್ಲಿ ಓಡಾಡುತ್ತಿದ್ದರು. "ಇದು ಪವಾಡ ಕಣ್ರೀ" ಎಂದು ನನ್ನ ಕೈಕುಲುಕಿದರು. ರುದ್ರಣ್ಣ ಗಾಳಿ ತುಂಬಿಟ್ಟಿದ್ದ ವಾಯುಶಯ್ಯೆಯ ಮೇಲೆ ಗೌರವದಿಂದ ಕುಳಿತರು. ಒಂದು ಟ್ಯೂಬು ಢಬ್ಬೆಂದು ಒಡೆಯಿತು. ಆಮೇಲೆ ನಿಂತುಕೊಂಡೇ ಉಪ್ಪಿಟ್ಟು ತಿಂದರು.

ಹಾಸನದ ಡಾಕ್ಟರು ಅತ್ತೆಯವರ ನಡಿಗೆ ನೋಡಿ ಖುಷಿಪಟ್ಟು, "ಕೊನೆಗೂ ಧೈರ್ಯ ಹೇಗೆ ಬಂತು ಅಜ್ಜಿ?" ಎಂದು ಕೇಳಿದರು. "ಎಲ್ಲಾ ನಮ್ ಅಳಿಯಂದ್ರು ಮಾಡಿದ್ ಹಾಸ್ಗೆಯಿಂದ ಡಾಕ್ಟ್ರೇ" ಎಂದರು ಅತ್ತೆ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅದಕ್ಕೆ ಯಾವ ಪಂಪೂ ಬೇಕಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹಳೇಬೀಡಿನ ಶಿವಣ್ಣ ಎಂಬುವರಿಗೂ ಈ ಮಾತು ಕೇಳಿಸಿತು. ಅವರ ತಾಯಿಗೂ ಹೀಗೇ ಉಕ್ಕು ಹಾಕಿದ್ದರಂತೆ, ಮೂಳೆ ಕೂಡಿದ್ದರೂ ಮುದುಕಿ ಹೆದರಿ ಏಳುತ್ತಿಲ್ಲವಂತೆ. ವಿಳಾಸ ಕೇಳಿಕೊಂಡು ಮರುವಾರವೇ ಅರಸೀಕೆರೆಗೆ ಬಂದರು. ಹಾಸಿಗೆಯನ್ನು ಸಂತೋಷದಿಂದ ಕೊಡುತ್ತೇನೆ ಎಂದೆ. ಪಂಪು ತರಲು ಒಳಗೆ ಹೋದಾಗ ನಡುಮನೆಯಲ್ಲಿ ಅತ್ತೆಯವರು ದನಿ ತಗ್ಗಿಸಿ ಅವರಿಗೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು.

"ನಿಮ್ಮವ್ವನ್ನ ಅದ್ರ ಮ್ಯಾಲೆ ಮಲಗಿಸ್ಬ್ಯಾಡ ಕಣಪ್ಪ. ಕಣ್ಣಿಗ್ ಕಾಣಂಗೆ ಇಕ್ಕು, ಸಾಕು. ವಾರಕ್ಕೊಂದ್ ಸಲ ನಮ್ ಅಳಿಯಂದ್ರುನ್ನ ಕರ್ಸ್ಕಂಡು ಅದು ಹ್ಯಾಂಗ್ ಕೆಲ್ಸ ಮಾಡ್ತದೆ ಅಂತ ಹೇಳ್ಸು. ಅವ್ರೇ ಎದ್ದೋಯ್ತಾರೆ."

ಕೇಳಿಸದವನಂತೆ ಪಂಪು ತಂದುಕೊಟ್ಟೆ. ಬೇಸರವಾಗಲಿಲ್ಲವೆಂದರೆ ಸುಳ್ಳು. ಆದರೆ ಶಿವಣ್ಣನವರು ಬಹಳ ವಿನಯದಿಂದ, "ಸಾರ್, ಭಾನುವಾರ ಒಂಚೂರು ಬಂದು ವಿವರಿಸಿಕೊಡ್ತೀರಾ?" ಎಂದು ಕೇಳಿದಾಗ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ವಿವರಿಸಿ ಎಂದು ತಾವಾಗಿ ನನ್ನನ್ನು ಕೇಳಿದವರು ಅವರೊಬ್ಬರೇ. ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ಮೊದಲ ಭಾನುವಾರ ಅವರ ತಾಯಿ ಮಲಗಿಕೊಂಡೇ ಕೇಳಿದರು. ಮೊಳೆಯ ಉದಾಹರಣೆಗೆ ಬರುವಷ್ಟರಲ್ಲಿ, "ನನ್ನ ಎಬ್ಬಿಸಿ ಕೂರಿಸ್ಲಾ" ಎಂದು ಮಗನಿಗೆ ಹೇಳಿದರು. ಎರಡನೆಯ ಭಾನುವಾರ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು, ನಾನು ಕುಳಿತುಕೊಳ್ಳದಿರಲೆಂಬಂತೆ. ಮೂರನೆಯ ಭಾನುವಾರ ಹೋದಾಗ ಮಂಚ ಖಾಲಿಯಾಗಿತ್ತು. ಶಿವಣ್ಣನವರು ನಾಚಿಕೊಂಡು, "ಈಗ್ತಾನೆ ಇಲ್ಲೇ ಇದ್ರು ಸಾರ್. ನೀವು ಬಸ್ಸಿಳಿದು ಬರೋದು ಕಿಟಕೀಲಿ ಕಂಡಿರ್ಬೇಕು. ಹಿತ್ತಲ ಕಡೆಯಿಂದ ಪಕ್ಕದ ಮನೆಗೆ ಹೋದ್ರು, ಕಾಣುತ್ತೆ" ಎಂದು ನನಗೆ ಕಾಫಿ ತರಲು ಒಳಗೆ ಹೋದರು. ನಾನು ಒಬ್ಬನೇ ಕುಳಿತು ಸುತ್ತ ನೋಡಿದೆ. ವಾಕರ್ ಮೂಲೆಯಲ್ಲೇ ನಿಂತಿತ್ತು. ಅದನ್ನು ತೆಗೆದುಕೊಳ್ಳುವಷ್ಟು ಪುರಸೊತ್ತೂ ಮುದುಕಿಗೆ ಇರಲಿಲ್ಲವೆಂದು ಕಾಣುತ್ತದೆ.